ಹೊಲದಿಂದ ಬರುತ್ತಿದ್ದವನ ಹೆಗಲು

2025ರಲ್ಲಿ ನಮ್ಮ ಓಣಿಗೆ ಉಪವಾಸಗಳು ಒಂದರ ಬೆನ್ನಿಗೊಂದು ಬಂದವು. ಫೆಬ್ರುವರಿ 26ಕ್ಕೆ ಶಿವರಾತ್ರಿ. ಎದುರು ಮನೆಯ ಅಕ್ಕಾರು ಜಾಗರಣೆ ಮುಗಿಸಿದ ಕಣ್ಣಲ್ಲೇ ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದರು. ಮಾರ್ಚ್ 2ಕ್ಕೆ ಮೊದಲ ರೋಜಾ. ಮೂಲೆ ಮನೆಯ ಅಡುಗೆಮನೆಯಲ್ಲಿ ನಸುಕಿಗೇ ದೀಪ ಹತ್ತತೊಡಗಿತು. ಮಾರ್ಚ್ 5 ನಮ್ಮ ಕ್ರೈಸ್ತರ ವಿಭೂತಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನ. ಅಲ್ಲಿಂದ ಪಾಸ್ಖದ, ಅಂದರೆ ಈಸ್ಟರ್ ಹಬ್ಬದ, ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ, ನಡುವಿನ ಆರು ಭಾನುವಾರಗಳನ್ನು ಕಳೆದರೆ 40. ಭಾನುವಾರ ಯೇಸುಸ್ವಾಮಿ ಸಾವಿನಿಂದ ಎದ್ದುಬಂದ ದಿನವಾದ್ದರಿಂದ ಅದನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಾಮಿ ಮರುಭೂಮಿಯಲ್ಲಿ ಉಪವಾಸ ಇದ್ದ ದಿನಗಳೂ 40. ಇದೇ ನಮ್ಮ ತಪಸ್ಸುಕಾಲ.

ತಪಸ್ಸುಕಾಲ ಬಂತೆಂದರೆ ಮೊದಲೇ ಒಂದು ಹಾಳೆಯಲ್ಲಿ ವ್ರತ ಬರೆದುಕೊಳ್ಳುವುದು ನನ್ನ ರೂಢಿ. ಚಹಾ ಬಿಡುವುದು, ಆ ರೊಕ್ಕವನ್ನು ಚರ್ಚಿನಿಂದ ಕೊಡುವ ರಟ್ಟಿನ ಡಬ್ಬಿಗೆ ಹಾಕುವುದು, ಬೆಳಗಾವಿ ಕ್ಯಾಂಪಿನ ಫಾತಿಮಾ ಮಾತೆಯ ಪ್ರಧಾನಾಲಯದಲ್ಲಿ ಬೆಳಗಿನ ಬಲಿಪೂಜೆ, ಶುಕ್ರವಾರ ಸಂಜೆ ಶಿಲುಬೆಹಾದಿ, ಅಂದರೆ ಸ್ವಾಮಿ ಶಿಲುಬೆ ಹೊತ್ತು ನಡೆದ ದಾರಿಯ ಚಿತ್ರಗಳ ಮುಂದೆ ಮಾಡುವ ಪ್ರಾರ್ಥನೆ. ಆದರೆ ದೇಶನೂರಿಗೆ ಹೋಗಿಬರುವುದೇ ನನಗೆ ಎಲ್ಲಕ್ಕಿಂತ ಇಷ್ಟ. ಬೈಲಹೊಂಗಲದ ಕಡೆ ಇರುವ ಆ ಊರಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ವಿರಕ್ತಮಠ ಕಟ್ಟಿಕೊಂಡು, ಕಾವಿ ತೊಟ್ಟು, ಶಾಕಾಹಾರದಲ್ಲಿ ಬದುಕುತ್ತಾರೆ. ಈ ನೆಲದ ಮಠಗಳ ನಡೆನುಡಿಯಲ್ಲೇ ಯೇಸುಸ್ವಾಮಿಯನ್ನು ಧ್ಯಾನಿಸುವ ಆ ಜಾಗದಲ್ಲಿ ನನ್ನ ಪ್ರಾರ್ಥನೆಗೆ ತಾನಾಗಿ ಮಾತು ಬರುತ್ತದೆ. ಊರೂರಿನಲ್ಲಿ ಮಠ, ಮಠದಲ್ಲಿ ದಾಸೋಹ ನೋಡುತ್ತ ಬೆಳೆದವರಿಗೆ ತಪಸ್ಸು ಅನ್ನುವುದು ಪರಕೀಯ ಸಂಗತಿಯಲ್ಲ.

ಆ ವರ್ಷ ಹಾಳೆಯಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಹಾಳೆಯಲ್ಲೇ ಉಳಿಯಿತು. ಜನವರಿ ಕೊನೆಗೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಎಲುಬು ಮುರಿದು ಆಪರೇಷನ್ ಆಯಿತು. ಮೊದಲೇ ಸಕ್ಕರೆ ಕಾಯಿಲೆಯವಳು. ಮನೆಗೆ ಕರಕೊಂಡು ಬಂದ ಮೇಲೆ ಹಗಲು ರಾತ್ರಿ ಒಬ್ಬರು ಹತ್ತಿರ ಬೇಕು. ನಸುಕಿಗೆ ಗುಳಿಗೆ, ಅದರ ಬೆನ್ನಿಗೆ ಹೊಟ್ಟೆಗೆ ಏನಾದರೂ, ಆಮೇಲೆ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ. ಇನ್ನು ಬೆಳಗಿನ ಪೂಜೆಗೆ ಹೋಗುವುದೆಲ್ಲಿ ಬಂತು, ದೇಶನೂರೆಲ್ಲಿ ಬಂತು.

ವಿಭೂತಿ ಬುಧವಾರ ಮಧ್ಯಾಹ್ನ ಫಾದರ್ ಮನೆಗೇ ಬರುತ್ತೇನೆ ಅಂದಿದ್ದರು. ಗುರುಗಳು ಬರುತ್ತಾರೆಂದು ಬೆಳಿಗ್ಗೆಯೇ ಅವ್ವನ ಮುಖ ತೊಳೆಸಿದೆ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಲೆಗೆ ಹಚ್ಚಿದೆ. ಕೂದಲು ಎಷ್ಟು ಕಡಿಮೆಯಾಗಿದೆ ಅಂದರೆ ಬಾಚಣಿಕೆ ಹಾಕುವುದಕ್ಕೇ ಜೀವ ಅಂಜಿ, ಬೆರಳಲ್ಲೇ ಬಿಡಿಸಿ ಸಣ್ಣದೊಂದು ಗಂಟು ಹಾಕಿದೆ. ಫಾದರ್ ಬಂದು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಆ ದಿನದ ಶುಭಸಂದೇಶ ಓದಿದರು. ಪ್ರತಿ ವರ್ಷ ಅಂದು ಓದುವುದು ಮತ್ತಾಯನ ಆರನೆಯ ಅಧ್ಯಾಯ: ಉಪವಾಸ ಮಾಡುವಾಗ ಸಪ್ಪೆ ಮೋರೆ ಹಾಕಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ಅದು ನಿಮ್ಮ ತಂದೆಗಷ್ಟೇ ತಿಳಿದರೆ ಸಾಕು. ಎಣ್ಣೆ ಮಿಂಚುತ್ತಿದ್ದ ಆ ತಲೆಯ ಕೆಳಗೆ, ಸುಕ್ಕು ಹಣೆಯ ಮೇಲೆ ಫಾದರ್ ಬೂದಿಯ ಶಿಲುಬೆ ಎಳೆದರು. ಅದು ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿ. ನಮ್ಮ ಮನೆಯ ಗರಿಯೂ ಅದರಲ್ಲಿತ್ತು. ವರ್ಷವಿಡೀ ಪವಿತ್ರ ಹೃದಯದ ಪಟದ ಹಿಂದೆ ಸಿಕ್ಕಿಸಿಟ್ಟು, ಮುಟ್ಟಿದರೆ ಮುರಿಯುವಷ್ಟು ಒಣಗಿದ್ದನ್ನು ಹಿಂದಿನ ಭಾನುವಾರ ನಾನೇ ಚರ್ಚಿಗೆ ಒಯ್ದು ಕೊಟ್ಟಿದ್ದೆ.

ಬೂದಿ ಹಚ್ಚಿಸಿಕೊಂಡದ್ದೇ ಅವ್ವ ಕೇಳಿದಳು: "ಇವತ್ತರ ಒಂದೊತ್ತು ಬಿಡಲ್ರಿ, ಫಾದರ್?"

ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡು ದಿನ ಒಂದೇ ಹೊತ್ತು ಹೊಟ್ಟೆ ತುಂಬ ಉಣ್ಣಬೇಕು, ಉಳಿದ ಎರಡು ಹೊತ್ತಿನ ಅಲ್ಪಾಹಾರ ಕೂಡಿದರೂ ಒಂದು ಊಟದಷ್ಟಾಗಬಾರದು ಎಂಬುದು ಧರ್ಮಸಭೆಯ ನಿಯಮ. ಅದು 18 ತುಂಬಿದವರಿಗೆ, 59ರ ತನಕ. ಕಾಯಿಲೆಯವರಿಗೆ ಅದೂ ಇಲ್ಲ. ಫಾದರ್ ಇಷ್ಟನ್ನೂ ಸಮಾಧಾನವಾಗಿ ಹೇಳಿದರು. ಅವ್ವ ಒಪ್ಪಲಿಲ್ಲ. "ಸಣ್ಣಾಕಿ ಇದ್ದಾಗಿಂದ ಬಿಟ್ಟಿಲ್ರಿ. ಈಗ ಸಾಯೂ ಹೊತ್ತಿಗೆ ಬಿಡಂದ್ರ ಹ್ಯಾಂಗ್ರಿ?"

ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜೀ, ಈ 40 ದಿನ ಮಗಳು ಕೊಟ್ಟದ್ದನ್ನ ಒಲ್ಲೆ ಅನ್ನದ ಉಣ್ರಿ. ಅದನ್ನ ಸ್ವಾಮಿಗೆ ಒಪ್ಪಿಸ್ರಿ. ನಿಮಗ ಉಪವಾಸಕ್ಕಿಂತ ಅದ ಕಷ್ಟ ಐತಿ" ಅಂದರು.

ಕಷ್ಟವೇ ಆಗಿತ್ತು. ಜೀವಮಾನವಿಡೀ ಇನ್ನೊಬ್ಬರಿಗೆ ಬಡಿಸಿ ಕಡೆಗೆ ಉಂಡವಳಿಗೆ, ಮೊದಲು ತಾನು ಉಣ್ಣುವುದು, ಅದೂ ಇನ್ನೊಬ್ಬರ ಕೈಯಿಂದ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಚಮಚ ಬಾಯಿಗೆ ಒಯ್ದಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೊದಮೊದಲು ನೋವಿಗೆ ಅಂದುಕೊಂಡಿದ್ದೆ. ಹತ್ತಿರ ಬಾಗಿದಾಗ ತುಟಿ ಅಲುಗುವುದು ಕಂಡಿತು, ತುತ್ತಿಗೊಮ್ಮೆ "ನಿನ್ನ ಚಿತ್ತ ನೆರವೇರಲಿ" ಅನ್ನುತ್ತಿದ್ದಳು.

ಇಂಥ ದಿನಗಳಲ್ಲಿ ನನಗೆ ದಾರಿ ತೋರಿದವನು ಸಿರೇನಿನ ಸಿಮೋನ. ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಐದನೆಯದು ಅವನದು. ವೈನಿ ಬಂದು ಅವ್ವನ ಹತ್ತಿರ ಕೂತ ಒಂದು ಶುಕ್ರವಾರ ಸಂಜೆ ಚರ್ಚಿಗೆ ಹೋಗಿದ್ದೆ. ಜನ ಒಂದೊಂದೇ ಚಿತ್ರದ ಮುಂದೆ ಮೊಣಕಾಲೂರಿ ಮುಂದೆ ಹೋದರೂ ನನ್ನ ಮನಸ್ಸು ಐದನೆಯದರಲ್ಲೇ ನಿಂತಿತ್ತು. ಶುಭಸಂದೇಶ ಬರೆದ ಮಾರ್ಕನು ಅವನ ಬಗ್ಗೆ ಬರೆದದ್ದು ಒಂದೇ ವಚನ. ಅಲೆಕ್ಸಾಂಡರ್, ರೂಫ ಎಂಬಿಬ್ಬರ ತಂದೆ, ಹಳ್ಳಿಯ ಕಡೆಯಿಂದ ಊರೊಳಗೆ ಬರುತ್ತಿದ್ದ, ಅವನನ್ನು ಹಿಡಿದು ಶಿಲುಬೆ ಹೊರಿಸಿದರು. ಅಷ್ಟೇ. ಸಿರೇನ್ ಇರುವುದು ಈಗಿನ ಲಿಬಿಯಾದಲ್ಲಿ. ಅಷ್ಟು ದೂರದವನಾದರೂ ನನಗೆ ಅವನು ಕಾಣುವುದು ನಮ್ಮ ಕಡೆಯ ರೈತನ ಹಾಗೆ, ಸುಗ್ಗಿಯ ರಾಶಿ ಮುಗಿಸಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮನೆಯ ರೊಟ್ಟಿಯನ್ನೇ ನೆನೆಯುತ್ತ ಬರುವವನ ಹಾಗೆ. ಅವನು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಆ ಅಪರಾಧಿ ಯಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಸೈನಿಕರು ಅವನ ಒಪ್ಪಿಗೆ ಕೇಳಲಿಲ್ಲ. ಆದರೂ ಸ್ವಾಮಿಯ ಬೆನ್ನ ಹಿಂದೆ, ಅಷ್ಟು ಹತ್ತಿರದಲ್ಲಿ ಆ ದಿನ ನಡೆದವನು ಅವನೊಬ್ಬನೇ. ಸಾಯುವವರೆಗೂ ನಿನ್ನ ಜೊತೆ ಇರುತ್ತೇನೆಂದು ಮಾತು ಕೊಟ್ಟ ಶಿಷ್ಯರು ಆ ಹೊತ್ತಿಗೆ ದಿಕ್ಕಾಪಾಲಾಗಿದ್ದರು.

ನಾವೇ ಆರಿಸಿಕೊಂಡ ತಪಸ್ಸು ಒಳ್ಳೆಯದು. ಚಹಾ ಬಿಡುವುದು, ಮಾಂಸ ಬಿಡುವುದು, ಬಿಟ್ಟದ್ದನ್ನು ಬಡವರಿಗೆ ಮುಟ್ಟಿಸುವುದು, ಇದೆಲ್ಲ ಬೇಕೇ ಬೇಕು. ಹಸಿದವರ ಜೊತೆ ರೊಟ್ಟಿ ಹಂಚಿಕೊಳ್ಳುವುದೇ ನನಗೆ ಮೆಚ್ಚಿನ ಉಪವಾಸ ಎಂದು ಪ್ರವಾದಿ ಯೆಶಾಯನ ಬಾಯಲ್ಲಿ ದೇವರು ಹೇಳಿದ್ದಾನೆ. ಆದರೆ ಆರಿಸಿಕೊಂಡದ್ದರ ತೂಕ ನಮ್ಮ ಹೆಗಲಿಗೆ ಮೊದಲೇ ಗೊತ್ತಿರುತ್ತದೆ. ಕೇಳದೇ ಬಂದದ್ದರ ತೂಕ ಗೊತ್ತಿರುವುದಿಲ್ಲ. ಎಷ್ಟು ದೂರ ಹೊರಬೇಕು ಎಂಬುದೂ ಗೊತ್ತಿರುವುದಿಲ್ಲ. ಅಂಥ ಭಾರ ಹೊತ್ತವರನ್ನು ನಮ್ಮ ಓಣಿಯಲ್ಲೇ ಎಷ್ಟೋ ಮಂದಿಯನ್ನು ಕಂಡಿದ್ದೇನೆ, ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುವವರು, ಮಾತು ಬಾರದ ಮಗುವನ್ನು ಬೆಳೆಸುವವರು. ಅವರಿಗೆ ಬೇರೆ ತಪಸ್ಸುಕಾಲ ಏಕೆ ಬೇಕು ಎಂದು ನನಗೆ ಅನ್ನಿಸುತ್ತದೆ. ಅವರು ಬೆಳಗಿನ ಪೂಜೆಯಲ್ಲಿ ಕಾಣಲಿಲ್ಲವೆಂದು ಯಾರೂ ಹಗುರಾಗಿ ಮಾತಾಡಬಾರದು. ಅವರ ಮನೆಗೆ ಹೋಗಿ ಎರಡು ತಾಸು ಕೂತು, ಅವರನ್ನು ಚರ್ಚಿಗೆ ಕಳಿಸಿಕೊಡುವವರು ಬೇಕು. ವೈನಿ ಆ ಶುಕ್ರವಾರ ನನಗೆ ಮಾಡಿದ್ದು ಅದನ್ನೇ.

ಅದೇ ತಪಸ್ಸುಕಾಲದಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಹಾಸಿಗೆ ಹಿಡಿದಿದ್ದರು. ಫೆಬ್ರುವರಿ 14ಕ್ಕೆ ರೋಮಿನ ಆಸ್ಪತ್ರೆ ಸೇರಿದವರಿಗೆ ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ. ಮಾರ್ಚ್ 5ರಂದು ಅವರೂ ಆಸ್ಪತ್ರೆಯಲ್ಲೇ ಬೂದಿ ಹಚ್ಚಿಸಿಕೊಂಡರು. ಅದನ್ನು ಹೇಳಿದ ದಿನದಿಂದ ಅವ್ವ ಬೆಳಿಗ್ಗೆ ಎದ್ದ ಕೂಡಲೆ "ಪೋಪ್ ಅಜ್ಜಾರು ಹ್ಯಾಂಗದಾರ ನೋಡ ಮೊಬೈಲ್‌ನ್ಯಾಗ" ಅನ್ನುತ್ತಿದ್ದಳು. ತನಗಿಂತ ಅವರಿಗಾಗಿ ಜಪಸರ ಹೆಚ್ಚು ಎಣಿಸಿದಳು. ಮಾರ್ಚ್ 23ಕ್ಕೆ ಅವರು ಮನೆಗೆ ಮರಳಿದರೆಂದಾಗ ಆವತ್ತು ವಾಕರ್ ಹಿಡಿದು ಬಾಗಿಲತನಕ ಹೋದಳು.

ಮುಂದಿನ ಭಾನುವಾರ, ಮಾರ್ಚ್ 30, ಯುಗಾದಿ. ತಪಸ್ಸುಕಾಲದ ನಾಲ್ಕನೆಯ ಭಾನುವಾರವೂ ಅಂದೇ. ನೇರಳೆ ಬಣ್ಣದ ನಡುವೆ ಆ ಒಂದು ದಿನ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ತೊಡಬಹುದು, ಹಾದಿ ಅರ್ಧ ದಾಟಿತು, ಹಿಗ್ಗಿರಿ ಎಂದು. ಎದುರು ಮನೆಯಿಂದ ಬೇವು-ಬೆಲ್ಲ ಬಂತು. ಅವ್ವ ಬೇವು ತಾನು ತಿಂದು ಬೆಲ್ಲ ನನ್ನ ಕೈಗಿಟ್ಟಳು. ಮರುದಿನ ರಂಜಾನ್ ಹಬ್ಬ, ಮೂಲೆ ಮನೆಯಿಂದ ಸುರ್‌ಕುಂಬಾ. ಅದರದ್ದು ನಾಲಿಗೆ ತುದಿಗೆ ಒಂದೇ ಹನಿ ಹಚ್ಚಿಕೊಂಡು, "ಅವರ ಉಪವಾಸ ದೇವರಿಗೆ ಮುಟ್ಟಿತು" ಅಂದಳು.

ಏಪ್ರಿಲ್ 20, ಪಾಸ್ಖದ ಹಬ್ಬ. ವೈನಿ, ಅಣ್ಣ, ನಾನು ಸೇರಿ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಚರ್ಚಿಗೆ ಹೋದೆವು. ಕಡೆಯ ಬೆಂಚಿನ ತುದಿ, ಪಕ್ಕದಲ್ಲಿ ವಾಕರ್. ತಪಸ್ಸುಕಾಲವಿಡೀ ಹಾಡದೇ ಇಟ್ಟಿದ್ದ ಅಲ್ಲೆಲೂಯವನ್ನು ಗಾಯನವೃಂದ ಎತ್ತಿದಾಗ ಅವ್ವ ಎದ್ದು ನಿಲ್ಲಲು ನನ್ನ ಹೆಗಲು ಹಿಡಿದಳು. ಪೂಜೆ ಮುಗಿಯುವತನಕ ಬಿಡಲಿಲ್ಲ. ಆ ದಿನ ಮಧ್ಯಾಹ್ನ ಪೋಪ್ ಬಾಲ್ಕನಿಗೆ ಬಂದು ಆಶೀರ್ವಾದ ಕೊಟ್ಟದ್ದನ್ನು ಮೊಬೈಲ್‌ನಲ್ಲಿ ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು. ಮರುದಿನ ಮಧ್ಯಾಹ್ನ ಅವರು ತೀರಿಕೊಂಡ ಸುದ್ದಿ ಬಂತು, 88 ವರ್ಷ. ಹೇಳಲೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡುವಷ್ಟರಲ್ಲಿ ಎದುರು ಮನೆಯ ಅಕ್ಕಾರೇ ಟಿವಿಯಲ್ಲಿ ನೋಡಿ ಬಂದು ಹೇಳಿದರು. ಅವ್ವ ಅತ್ತಳು. ಆಮೇಲೆ, "ಪಾಸ್ಖ ಮಾಡಿ ಹ್ವಾದ್ರು. ಹೊತ್ತದ್ದನ್ನ ಅಲ್ಲೀಮಟ ಮುಟ್ಟಿಸೇ ಇಳಿಸಿದ್ರು" ಅಂದಳು.

ಈಗ ಅವ್ವ ವಾಕರ್ ಬಿಟ್ಟಿದ್ದಾಳೆ, ಕೋಲೂರಿ ಮನೆಯೊಳಗೆ ಅಡ್ಡಾಡುತ್ತಾಳೆ. ಶುಭ ಶುಕ್ರವಾರ ಒಂದಿನವಾದರೂ ಒಂದೊತ್ತು ಇರುತ್ತೇನೆಂದು ಹಟ ಹಿಡಿದಿದ್ದಾಳೆ. ಫಾದರ್ ಹತ್ತಿರ ನೀನೇ ಕೇಳು ಅಂದಿದ್ದೇನೆ.