ಅಳಿಸುತ್ತ ಅಳಿಸುತ್ತ ಬಂದ ಬಾವುಟ

ಬೆಳಗಾವಿ, 22 ಜುಲೈ 2025, ಮಂಗಳವಾರ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕಾಂಪೌಂಡ್ ಗೋಡೆಗೆ ಬಣ್ಣ ಹಚ್ಚುವ ಮಾತೇ ಇಲ್ಲ. ಎಂಟನೇ ಇಯತ್ತೆಯ ಹುಡುಗರನ್ನು ಕರೆದುಕೊಂಡು ವರಾಂಡದ ಗೋಡೆಗೇ ಶುರು ಹಚ್ಚಿಕೊಂಡೆ. ಆಗಸ್ಟ್ 15ರೊಳಗೆ ನಮ್ಮ ರಾಷ್ಟ್ರಧ್ವಜ ದಾಟಿ ಬಂದ ಐದು ಬಾವುಟ ಬರೆದು ಮುಗಿಸಬೇಕು: 1906, 1917, 1921, 1931, 1947. ಸಂವಿಧಾನ ಸಭೆ ಈಗಿನ ಬಾವುಟವನ್ನು ಒಪ್ಪಿಕೊಂಡಿದ್ದು ಇದೇ ಜುಲೈ 22ಕ್ಕೆ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಇಂಥ ಮಳೆಯಲ್ಲಿ ಮಿರ್ಚಿ ಭಜಿಯ ಮುಂದೆ ಇತಿಹಾಸ ಯಾರಿಗೆ ಬೇಕು?

ಅತಿ ಹೆಚ್ಚು ಹೊತ್ತು ತಿಂದದ್ದು 1906ರದ್ದು. ಆಗಸ್ಟ್ 7ರಂದು ಕಲ್ಕತ್ತೆಯ ಪಾರ್ಸಿ ಬಾಗಾನ್ ಚೌಕದಲ್ಲಿ ಹಾರಿದ ಬಾವುಟ. ಮೇಲೆ ಹಸಿರು, ಅದರಲ್ಲಿ ಎಂಟು ಕಮಲ. ನಡುವೆ ಹಳದಿ, ಅದರಲ್ಲಿ ದೇವನಾಗರಿ ಲಿಪಿಯ ‘ವಂದೇ ಮಾತರಂ’. ಕೆಳಗೆ ಕೆಂಪು, ಅದರಲ್ಲಿ ಸೂರ್ಯ ಒಂದು ಕಡೆ, ಚಂದ್ರ ಒಂದು ಕಡೆ. ಒಬ್ಬ ಹುಡುಗ ಬ್ರಶ್ ತೊಳೆಯುತ್ತ ಕೇಳಿದ: “ಸರ, ಝೇಂಡಾ ಹಾರಿದಾಗ ಹಿಂದ ನಿಂತವ್ರಿಗೆ ಅಕ್ಷರ ಉಲ್ಟಾ ಕಾಣ್ತಾವಲ್ರಿ?”

ಕಾಣ್ತಾವೋ ತಮ್ಮಾ. ಕಾಗದದ ಚಿತ್ರಕ್ಕೆ ಒಂದೇ ಮುಖ, ಬಾವುಟಕ್ಕೆ ಎರಡು. ಮುಂದಿನ ವರ್ಷ, 1907ರ ಆಗಸ್ಟ್ 22ಕ್ಕೆ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಭಿಕಾಜಿ ಕಾಮಾ ಬಿಚ್ಚಿ ಹಿಡಿದ ಬಾವುಟದ ನಡುವೆಯೂ ಅದೇ ಅಕ್ಷರಗಳಿದ್ದವು. ಹೇಳಬೇಕಾದದ್ದೆಲ್ಲ ಬಟ್ಟೆಯ ಮೇಲೆ ಬಂದುಬಿಡಬೇಕು ಅನ್ನುವ ಅವಸರದ ಕಾಲ ಅದು. ಆ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಮುಂದಿನ ನಲವತ್ತು ವರ್ಷದಲ್ಲಿ ನಡೆದದ್ದು ಒಂದೊಂದಾಗಿ ತೆಗೆದುಹಾಕುವ ಕೆಲಸ.

1917ರ ಹೋಂ ರೂಲ್ ಬಾವುಟ ನೋಡಿ ಹುಡುಗರು ಮುಖ ಮುಖ ನೋಡಿಕೊಂಡರು. ಐದು ಕೆಂಪು ಪಟ್ಟಿ, ನಾಲ್ಕು ಹಸಿರು ಪಟ್ಟಿ, ಏಳು ನಕ್ಷತ್ರ, ಮೂಲೆಯಲ್ಲಿ ಚಂದ್ರ. ಅದು ಸರಿ. ಎಡಗಡೆ ಮೇಲೆ ಬ್ರಿಟಿಷರ ಬಾವುಟ, ಯೂನಿಯನ್ ಜಾಕ್! “ಇದು ನಮ್ಮದ ಏನ್ರಿ ಸರ?” ನಮ್ಮದೇ. ತಿಲಕರು ಹೋಂ ರೂಲ್ ಲೀಗ್ ಶುರು ಮಾಡಿದ್ದು ಇದೇ ಬೆಳಗಾವಿಯಲ್ಲಿ, 1916ರ ಏಪ್ರಿಲ್‌ನಲ್ಲಿ. ಸಾಮ್ರಾಜ್ಯದ ಒಳಗಿದ್ದೇ ಸ್ವರಾಜ್ಯ ಕೇಳುವುದು ಆಗಿನ ಬೇಡಿಕೆ, ಬಾವುಟ ಅದನ್ನು ಮುಚ್ಚಿಡದೆ ತೋರಿಸುತ್ತದೆ. ಬರೆಯಲು ಮಾತ್ರ ಪ್ರಾಣ ಹಿಂಡುತ್ತದೆ. ಯೂನಿಯನ್ ಜಾಕ್‌ನ ಓರೆ ಕೆಂಪು ಗೆರೆಗಳು ಬಿಳಿಯ ನಟ್ಟನಡುವೆ ಬರುವುದಿಲ್ಲ, ಸ್ವಲ್ಪ ಸರಿದಿರುತ್ತವೆ.

1921ಕ್ಕೆ ಬಂದಾಗ ಉಸಿರಾಡುವಂತಾಯಿತು. ಬೆಜವಾಡದಲ್ಲಿ (ಈಗಿನ ವಿಜಯವಾಡ) ಪಿಂಗಳಿ ವೆಂಕಯ್ಯ ಕೆಂಪು ಮತ್ತು ಹಸಿರಿನ ವಿನ್ಯಾಸ ತಂದುಕೊಟ್ಟರು: ಹಿಂದೂಗಳಿಗೆ ಕೆಂಪು, ಮುಸ್ಲಿಮರಿಗೆ ಹಸಿರು. ಉಳಿದ ಸಮುದಾಯಗಳಿಗಾಗಿ ಬಿಳಿ ಪಟ್ಟಿ ಇರಲಿ, ಚರಕ ಇರಲಿ ಅಂದವರು ಗಾಂಧೀಜಿ. ಚರಕದ ವಿಚಾರವನ್ನು ಅವರ ತಲೆಗೆ ಹಾಕಿದ್ದು ಜಾಲಂಧರದ ಲಾಲಾ ಹಂಸರಾಜ್. ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ. ಇದಕ್ಕಾಗಿಯೇ 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು, ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಜೈಲು ಕಂಡರು. 1924ರ ಡಿಸೆಂಬರ್‌ನಲ್ಲಿ ಇದೇ ಬೆಳಗಾವಿಯ ಟಿಳಕವಾಡಿಯ ಬಯಲಲ್ಲಿ ಗಾಂಧೀಜಿ ಅಧಿವೇಶನದ ಅಧ್ಯಕ್ಷರಾಗಿ ಕುಳಿತಾಗಲೂ ಕಾಂಗ್ರೆಸ್ಸಿನ ಬಾವುಟ ಇದೇ. ಆಗ ತೋಡಿಸಿದ ಬಾವಿ ಈಗಲೂ ಇದೆ. ಹುಡುಗರಿಗೆ ಅದು ‘ಕಾಂಗ್ರೆಸ್ ಬಾವಿ’, ಅಷ್ಟೇ.

ತೊಡಕು ಬಂದದ್ದು ಬಣ್ಣಕ್ಕೊಂದು ಧರ್ಮ ಹಂಚಿದ್ದರಿಂದ. ಸಿಖ್ಖರು ನಮ್ಮ ಬಣ್ಣ ಎಲ್ಲಿ ಅಂದರು, ಕೇಳಿದ್ದರಲ್ಲಿ ತಪ್ಪಿಲ್ಲ. 1931ರಲ್ಲಿ ಕರಾಚಿಯಲ್ಲಿ ನೇಮಕವಾದ ಏಳು ಜನರ ಸಮಿತಿ, ಇಡೀ ಬಾವುಟ ಕೇಸರಿ ಇರಲಿ, ಮೇಲೊಂದು ಚರಕ ಸಾಕು ಅಂದಿತು. ಕಾಂಗ್ರೆಸ್ ಒಪ್ಪಲಿಲ್ಲ. ಅದೇ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಕೇಸರಿ, ಬಿಳಿ, ಹಸಿರು, ನಡುವೆ ಚರಕ ಎಂದು ತೀರ್ಮಾನವಾಯಿತು. ಬಣ್ಣಗಳಿಗೆ ಕೋಮಿನ ಅರ್ಥ ಇಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತಿದ್ದುಪಡಿ ಇದು. ಬಣ್ಣ ಬದಲಾದದ್ದು ಕಡಿಮೆ, ಅದಕ್ಕೆ ಅಂಟಿಸಿದ್ದ ಚೀಟಿ ಕಿತ್ತು ಬಂತು.

ಉಳಿದದ್ದು ಚರಕ. 1947ರಲ್ಲಿ ನಿರ್ಣಯ ಮಂಡಿಸುತ್ತ ನೆಹರೂ ಕೊಟ್ಟ ಒಂದು ಕಾರಣ ನಮ್ಮ ಹುಡುಗನ ಪ್ರಶ್ನೆಯದ್ದೇ: ಬಾವುಟದ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಚರಕಕ್ಕೆ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು, ಹಿಂದಿನಿಂದ ನೋಡಿದರೆ ದಿಕ್ಕು ತಪ್ಪುತ್ತದೆ. ಚಕ್ರವೊಂದನ್ನೇ ಉಳಿಸಿ, ಸಾರನಾಥದ ಅಶೋಕನ ಚಕ್ರದ ರೂಪ ಕೊಟ್ಟರು. ಗಾಂಧೀಜಿಗೆ ಹಿಡಿಸಲಿಲ್ಲ. ವಿನ್ಯಾಸದ ಮಟ್ಟಿಗೆ ನನ್ನ ವೋಟು ಚಕ್ರಕ್ಕೆ.

ಗಾಂಧೀಜಿಯ ಬೇಸರಕ್ಕೆ ಉತ್ತರ ನಮ್ಮ ಪಕ್ಕದ ಜಿಲ್ಲೆಯಲ್ಲಿತ್ತು. ಚಿತ್ರದಿಂದ ಚರಕ ಹೋದರೂ ಬಾವುಟದ ಬಟ್ಟೆ ಖಾದಿಯದ್ದೇ ಆಗಿತ್ತು. ಬಾಗಲಕೋಟೆಯ ತುಳಸಿಗೇರಿಯಲ್ಲಿ ಹೆಣ್ಣುಮಕ್ಕಳು ಆ ಬಟ್ಟೆ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದು ಬಾವುಟವಾಗುತ್ತದೆ. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿ ಪಾಲಿಯೆಸ್ಟರಿಗೂ ಮಷಿನ್ ಬಟ್ಟೆಗೂ ಬಾಗಿಲು ತೆರೆಯಿತು. ಮನೆಮನೆಗೆ ಅಗ್ಗದ ಬಾವುಟ ಸಿಕ್ಕಿತು, ನಿಜ. ಆದರೆ ನಾನು ಅಳಿಸಲು ಒಪ್ಪದ ಒಂದೇ ಸಂಗತಿ ಆ ಖಾದಿ.

ನಾಳೆ ಚಕ್ರ. 24 ಅರ, ಒಂದೊಂದಕ್ಕೆ 15 ಡಿಗ್ರಿ, ಕೈವಾರ ಗಟ್ಟಿ ಹಿಡಿಯುವ ಹುಡುಗಿಗೆ ವಹಿಸಿದ್ದೇನೆ. ಪ್ರತಿ ಬಾವುಟದ ಕೆಳಗೆ ಒಂದು ಘೋಷಣೆ ಬರೆಸಿ ಎಂದಿದ್ದಾರೆ ಹೆಡ್‌ಮಾಸ್ತರರು. ಇಸವಿ ಮತ್ತು ಊರಿನ ಹೆಸರು, ಇಷ್ಟೇ ಬರೆಸುತ್ತೇನೆ.