ಸಿಲಿಂಡರಿನ ಬಾರ್‌ನಿಂದ ವಜ್ರದ ತುದಿಯ ಗಿಗಾಪಾಸ್ಕಲ್‌ವರೆಗೆ

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅಧಿಕ ಒತ್ತಡದ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅನಿಲದ ಸಿಲಿಂಡರನ್ನು ತಂದಿಳಿಸುವವರು ‘ನೂರೈವತ್ತು ಕೆಜಿ ಪ್ರೆಶರ್ ಇದೆ’ ಎನ್ನುತ್ತಾರೆ. ರೆಗ್ಯುಲೇಟರ್ ಬಾರ್‌ನಲ್ಲಿ ತೋರಿಸುತ್ತದೆ. ಅದೇ ಅನಿಲ ಲೋಹದ ಪೊರೆಯೊಂದನ್ನು ಉಬ್ಬಿಸಿ ಎರಡು ವಜ್ರಗಳನ್ನು ಒತ್ತಿದಾಗ, ನಡುವಿನ ಮಾದರಿಯ ಒತ್ತಡವನ್ನು ಗಿಗಾಪಾಸ್ಕಲ್‌ನಲ್ಲಿ ಬರೆಯುತ್ತೇವೆ. ಈ ಮಾನಗಳ ನಡುವೆ ದಿನವೂ ಓಡಾಡುವವನಾಗಿ ನಾನು ಕಂಡುಕೊಂಡದ್ದೇನೆಂದರೆ, ಗುಣಾಕಾರ ಸರಿಯಾದ ಮಾತ್ರಕ್ಕೆ ಪರಿವರ್ತನೆ ಮುಗಿಯುವುದಿಲ್ಲ. ಆ ಸಂಖ್ಯೆಯಲ್ಲಿ ಎಷ್ಟು ಅಂಕಿಗಳನ್ನು ನಂಬಬಹುದೆಂಬುದನ್ನೂ ಜೊತೆಗೇ ಹೇಳಬೇಕು.

ಲೆಕ್ಕ ಸರಳವಾದದ್ದು. ಒಂದು ಬಾರ್ ಎಂದರೆ 1 ಲಕ್ಷ ಪಾಸ್ಕಲ್. ಒಂದು ಗಿಗಾಪಾಸ್ಕಲ್ ಎಂದರೆ 100 ಕೋಟಿ ಪಾಸ್ಕಲ್, ಅಂದರೆ 10,000 ಬಾರ್. ನೂರು ಗಿಗಾಪಾಸ್ಕಲ್ ಸೇರಿದರೆ ಒಂದು ಮೆಗಾಬಾರ್. ಭೂಮಿಯ ಕೇಂದ್ರದಲ್ಲಿರುವುದು ಸುಮಾರು 3.6 ಮೆಗಾಬಾರ್. ಸಿಲಿಂಡರಿನವರ ‘ಕೆಜಿ’ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಭಾರ, ಅದು 0.980665 ಬಾರ್; ಹಾಗಾಗಿ ಅವರ 150 ನಮ್ಮ ಗೇಜಿನಲ್ಲಿ 147ರ ಆಸುಪಾಸು ನಿಲ್ಲುತ್ತದೆ. ಇದನ್ನು ತಿಳಿಯದ ಹೊಸಬರು ಅನಿಲ ಸೋರುತ್ತಿದೆಯೆಂದು ಹುಡುಕಾಡುವುದುಂಟು.

ಸಣ್ಣ ಒತ್ತಡಗಳಲ್ಲಿ ಎಚ್ಚರ ಬೇಕಾದದ್ದು ಸೊನ್ನೆ ಎಲ್ಲಿದೆಯೆಂಬ ಬಗ್ಗೆ. ಕಾರಿನ ಚಕ್ರಕ್ಕೆ ತುಂಬಿಸುವ 32 ಪಿಎಸ್‌ಐ, ಅಂದರೆ 2.2 ಬಾರ್, ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚೆಂಬುದನ್ನಷ್ಟೇ ಹೇಳುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ 0.9 ಬಾರ್‌ನಷ್ಟಿರುವುದರಿಂದ, ಚಕ್ರದೊಳಗಿನ ಒಟ್ಟು ಒತ್ತಡ 3.1 ಬಾರ್ ಆಗುತ್ತದೆ. ಇಲ್ಲಿ ವಾತಾವರಣವನ್ನು ಮರೆತರೆ ಉತ್ತರದ ಕಾಲುಭಾಗಕ್ಕಿಂತ ಹೆಚ್ಚು ಕಾಣೆಯಾಗುತ್ತದೆ. ಅದೇ ಮರೆವು 10 ಗಿಗಾಪಾಸ್ಕಲ್‌ನಲ್ಲಿ ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ; ಅದನ್ನು ಹಿಡಿಯುವ ಶಕ್ತಿ ನಮ್ಮ ಯಾವ ಅಳತೆಗೂ ಇಲ್ಲ.

ದೊಡ್ಡ ಒತ್ತಡದ ತೊಂದರೆ ಬೇರೆಯದೇ. ವಜ್ರದ ತುದಿ 0.3 ಮಿಲಿಮೀಟರ್ ಅಗಲವಿದ್ದರೆ ಎಪ್ಪತ್ತು ಕಿಲೋ ತೂಕದ ಮನುಷ್ಯನ ಭಾರದಷ್ಟು ಬಲವೇ ಅಲ್ಲಿ ಸರಾಸರಿ 10 ಗಿಗಾಪಾಸ್ಕಲ್ ಹುಟ್ಟಿಸಬಲ್ಲದು. ಅಲ್ಲಿಗೆ ಯಾವ ಗೇಜನ್ನೂ ಜೋಡಿಸಲಾಗದು. ಆದ್ದರಿಂದ ಮಾದರಿಯ ಪಕ್ಕದಲ್ಲಿ ಮಾಣಿಕ್ಯದ ಪುಟ್ಟ ಹರಳೊಂದನ್ನಿಟ್ಟು, ಅದರ ಮೇಲೆ ಲೇಸರ್ ಬಿಟ್ಟು, ಹೊಮ್ಮುವ ಕೆಂಪು ಬೆಳಕಿನ ತರಂಗಾಂತರವನ್ನು ಓದುತ್ತೇವೆ. ಸಾಮಾನ್ಯ ಒತ್ತಡದಲ್ಲಿ 694.2 ನ್ಯಾನೊಮೀಟರ್‌ನಲ್ಲಿರುವ ಆ ಬೆಳಕಿನ ರೇಖೆ 10 ಗಿಗಾಪಾಸ್ಕಲ್‌ನಲ್ಲಿ ಸುಮಾರು 3.6 ನ್ಯಾನೊಮೀಟರ್ ಸರಿದಿರುತ್ತದೆ. ಓದಿನಲ್ಲಿ ಒಂದು ನ್ಯಾನೊಮೀಟರಿನ ನೂರರಲ್ಲಿ ನಾಲ್ಕು ಪಾಲು ಹೆಚ್ಚುಕಡಿಮೆಯಾದರೂ ಒತ್ತಡ 0.1 ಗಿಗಾಪಾಸ್ಕಲ್‌ನಷ್ಟು ಬದಲಾಗುತ್ತದೆ, ಅಂದರೆ 1,000 ಬಾರ್. ಪೆಸಿಫಿಕ್ ಸಾಗರದ ಅತ್ಯಂತ ಆಳದ ಮರಿಯಾನಾ ಕಂದಕದ ತಳದಲ್ಲಿರುವ ಒತ್ತಡವೇ ಹೆಚ್ಚುಕಡಿಮೆ ಇಷ್ಟು. ಅಷ್ಟು ದೊಡ್ಡ ಒತ್ತಡ ನಮ್ಮ ಅಳತೆಯ ಅನಿಶ್ಚಿತತೆಯೊಳಗೆ ಅಡಗಿ ಕೂರುತ್ತದೆ ಎಂಬುದನ್ನು ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳುತ್ತೇನೆ.

ಹೀಗಿರುವಾಗ 10 ಗಿಗಾಪಾಸ್ಕಲನ್ನು ಕ್ಯಾಲ್ಕುಲೇಟರಿಗೆ ಕೊಟ್ಟು ಬಂದ 14,50,377 ಪಿಎಸ್‌ಐ ಎಂಬುದನ್ನು ಯಾರಾದರೂ ಹಾಗೆಯೇ ದಾಖಲೆ ಪುಸ್ತಕಕ್ಕೆ ಇಳಿಸಿದರೆ ನಾನು ತಿದ್ದಿಸುತ್ತೇನೆ. ‘ಸುಮಾರು 14.5 ಲಕ್ಷ’ ಎಂಬುದೇ ಪ್ರಾಮಾಣಿಕವಾದ ಉತ್ತರ. ಲಕ್ಷ ಕೋಟಿಗಳ ಅಲ್ಪವಿರಾಮವನ್ನೂ ಮಿಲಿಯನ್‌ಗಳ ಅಲ್ಪವಿರಾಮವನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಸೊನ್ನೆಯೊಂದು ಸದ್ದಿಲ್ಲದೆ ಜಾರಿಹೋಗುತ್ತದೆ. ಆದ್ದರಿಂದ ಪುಸ್ತಕದಲ್ಲಿ ಹತ್ತರ ಘಾತದಲ್ಲೇ ಬರೆಯಬೇಕೆಂದು ನಮ್ಮಲ್ಲಿ ನಿಯಮ ಮಾಡಿದ್ದೇವೆ.

ಹಳೆಯ ಪ್ರಬಂಧಗಳ ಕಿಲೊಬಾರ್‌ಗಳನ್ನು ಹತ್ತರಿಂದ ಭಾಗಿಸಿ ಗಿಗಾಪಾಸ್ಕಲ್ ಮಾಡುವವರಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಈ ವಿದ್ಯೆಗೆ ಬುನಾದಿ ಹಾಕಿ 1946ರಲ್ಲಿ ನೊಬೆಲ್ ಪಡೆದ ಪರ್ಸಿ ಬ್ರಿಡ್ಜ್‌ಮನ್ ಅವರ ಕಾಲದಲ್ಲಿ ಒತ್ತಡದ ಅಂಕಿಗಳನ್ನು ನಿಗದಿಪಡಿಸುತ್ತಿದ್ದ ಅಳತೆಗೋಲು ಆಮೇಲೆ ಪರಿಷ್ಕರಣೆಗೊಂಡಿತು. ಬಿಸ್ಮತ್ ಲೋಹದ ಹರಳುರಚನೆ ಬದಲಾಗುವ ಒಂದು ಬಿಂದು ಆಗ ನೂರು ಕಿಲೊಬಾರ್‌ಗೂ ಮೇಲೆಂದು ದಾಖಲಾಗಿತ್ತು. ಈಗ ಅದನ್ನು ಸುಮಾರು 7.7 ಗಿಗಾಪಾಸ್ಕಲ್ ಎಂದು ಒಪ್ಪಿಕೊಳ್ಳಲಾಗಿದೆ. ಇಲ್ಲಿ ಭಾಗಾಕಾರ ಎಷ್ಟು ಸರಿಯಾಗಿದ್ದರೂ ಸಂಖ್ಯೆ ತಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಹಳೆಯ ಅಂಕಿಯೊಂದನ್ನು ಪುಸ್ತಕಕ್ಕೆ ತರುವಾಗ ಅದರ ಮುಂದೆ ಮಾನವನ್ನಷ್ಟೇ ಬರೆಯದೆ, ಅಳೆದ ವರ್ಷವನ್ನೂ ಅಳೆದ ವಿಧಾನವನ್ನೂ ಬರೆಯುವಂತೆ ಕೇಳಿಕೊಳ್ಳುತ್ತೇನೆ.