ಬೇಲ ಕೇಳಿದರೆ ಬಿಲ್ವ ಬಂದೀತು

ಬೆಂಗಳೂರಿನ ಹಣ್ಣಿನಂಗಡಿಯಲ್ಲಿ ಮಾರುವವರದು ಒಂದು ಸೀಮೆ, ಕೊಳ್ಳುವವರದು ಇನ್ನೊಂದು. ಮೈಸೂರಿನವರ ಸೀಬೆ ಧಾರವಾಡದವರಿಗೆ ಪೇರಲ, ಕೋಲಾರದ ಕಡೆ ಚೇಪೆ. ಪರಂಗಿ ಅಂದರೆ ಇಲ್ಲಿ ಪಪ್ಪಾಯಿ; ತಮಿಳಿನಲ್ಲಿ ಪರಂಗಿಕ್ಕಾಯಿ ಅಂದರೆ ಸಿಹಿಗುಂಬಳ. ನಮ್ಮ ಸೀಮೆಬದನೆಗೆ ತಮಿಳರೂ ತೆಲುಗರೂ ಬೆಂಗಳೂರಿನ ಹೆಸರಿಟ್ಟೇ ಬದನೆ ಅನ್ನುತ್ತಾರೆ. ಇವುಗಳಿಂದ ನಷ್ಟವಿಲ್ಲ, ಕಣ್ಣೆದುರಿಗೇ ಇರುವ ಹಣ್ಣನ್ನು ಬೆರಳು ತೋರಿಸಿ ಕೊಳ್ಳಬಹುದು. ಹೆಸರು ತಪ್ಪಿದರೆ ಅಡುಗೆಯೇ ಕೆಡುವ ಕೆಲವು ಜೋಡಿಗಳಿವೆ. ಅವನ್ನು ಹೆಸರಿನ ಜೊತೆಗೆ ಎರಡು ಗುರುತುಗಳಿಂದಲೂ ತಿಳಿದಿರಬೇಕು.

ಮೊದಲನೆಯದು ಬೇಲ ಮತ್ತು ಬಿಲ್ವ. ರಾಮನವಮಿಯ ಪಾನಕಕ್ಕೆ ಬೇಕಾದದ್ದು ಬೇಲದ ಹಣ್ಣು. ಉತ್ತರ ಕರ್ನಾಟಕದವರು ಇದನ್ನೇ ಬೆಳವಲ ಅನ್ನುತ್ತಾರೆ. ಗೊಂದಲ ಬರುವುದು ಹಿಂದಿಯಿಂದ. ಅಲ್ಲಿ ಬೇಲ್ ಅಂದರೆ ಬಿಲ್ವ, ನಮ್ಮ ಬೇಲಕ್ಕೆ ಅಲ್ಲಿ ಕೈಥ್ ಎಂದು ಹೆಸರು. ಹಾಗಾಗಿ 'ಬೇಲ್ ಶರಬತ್ತು', 'ಬೇಲ್ ಪುಡಿ' ಎಂದು ಚೀಟಿ ಅಂಟಿಸಿಕೊಂಡು ಬರುವುದೆಲ್ಲ ಸಾಮಾನ್ಯವಾಗಿ ಬಿಲ್ವವೇ. ಗುರುತು ಸುಲಭ. ಬೇಲದ ಚಿಪ್ಪು ಬೂದುಬಿಳಿ, ಮುಟ್ಟಿದರೆ ಒರಟು. ಒಡೆದರೆ ಕಂದು ಬಣ್ಣದ ಅಂಟು ತಿರುಳು, ಅದರ ತುಂಬ ಸಣ್ಣ ಬೀಜ, ಮೂಗಿಗೆ ಬಡಿಯುವ ಹುಳಿವಾಸನೆ. ಬಿಲ್ವದ ಚಿಪ್ಪು ನುಣುಪು, ಹಸಿರಿನಿಂದ ಹಳದಿಗೆ ತಿರುಗುತ್ತದೆ. ಒಳಗೆ ಕಿತ್ತಳೆ ಬಣ್ಣದ ನಾರಿನ ತಿರುಳು, ಬೀಜದ ಸುತ್ತ ಲೋಳೆ. ಎಲೆ ನೋಡಲು ಸಿಕ್ಕಿದರೆ ಅನುಮಾನವೇ ಉಳಿಯುವುದಿಲ್ಲ: ಬಿಲ್ವದ್ದು ಮೂರು ದಳ, ಬೇಲದ್ದು ಒಂದೇ ಕಡ್ಡಿಗೆ ಐದೋ ಏಳೋ ಪುಟ್ಟ ಎಲೆ.

ಬೇಲ ಹಣ್ಣಾಗಿದೆಯೋ ಇಲ್ಲವೋ ಎಂದು ಚಿಪ್ಪಿನ ಬಣ್ಣ ಹೇಳುವುದಿಲ್ಲ. ಒಂದಡಿ ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಡಿ. ಕಾಯಿಯಾದರೆ ಪುಟಿಯುತ್ತದೆ, ಹಣ್ಣಾದರೆ ದಪ್ಪನೆ ಬಿದ್ದು ಅಲ್ಲೇ ನಿಲ್ಲುತ್ತದೆ. ಕಾಯಿಯೇ ಸಿಕ್ಕಿದ್ದರೆ ಬಿಸಿಲು ಬೀಳುವ ಕಡೆ ಇಡಬೇಕು, ಹಣ್ಣಾಗಲು ಎರಡು ವಾರದವರೆಗೂ ಹಿಡಿಯಬಹುದು. ಹಬ್ಬದ ಹಿಂದಿನ ದಿನ ತಂದರೆ ಸಾಲದು ಎಂಬುದಕ್ಕೆ ಕಾರಣ ಇದೇ. ಪಾನಕಕ್ಕೆ ಕ್ರಿಕೆಟ್ ಚೆಂಡಿನಷ್ಟು ದೊಡ್ಡ ಹಣ್ಣೊಂದು, ಬೆಲ್ಲ ಸುಮಾರು 100 ಗ್ರಾಂ, ನೀರು ನಾಲ್ಕು ಲೋಟ, ಏಲಕ್ಕಿ ಮೂರು, ಚಿಟಿಕೆ ಶುಂಠಿಪುಡಿ. ತಿರುಳನ್ನು ಒಂದು ಲೋಟ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಕೈಯಲ್ಲೇ ಕಿವುಚಿ ಸೋಸಿ, ಆಮೇಲೆ ಬೆಲ್ಲ ಮತ್ತು ಉಳಿದ ನೀರು ಸೇರಿಸಿ. ಮಿಕ್ಸಿಗೆ ಹಾಕಿದರೆ ಬೀಜ ಅರೆದು ಪಾನಕ ಒಗರಾಗುತ್ತದೆ. ತಿರುಳು ಕಂದಾಗದೆ ಬಿಳಿಚಿಕೊಂಡಿದ್ದರೆ ಅದನ್ನು ಪಾನಕಕ್ಕೆ ಬಳಸಬೇಡಿ. ಖಾರ ಹಾಕಿ ಚಟ್ನಿ ಮಾಡಿ, ಅಲ್ಲಿ ಆ ಒಗರು ಒಪ್ಪುತ್ತದೆ.

ಬೇಲ, ಬಿಲ್ವ ಎರಡೂ ನಿಂಬೆಯ ಕುಟುಂಬಕ್ಕೇ ಸೇರಿದವು. ಆ ಕುಟುಂಬದ ಉಳಿದವರಲ್ಲೂ ಹೆಸರಿನ ಗೊಂದಲ ಕಡಿಮೆಯೇನಿಲ್ಲ. ಹೇರಳೆಕಾಯಿಗೆ ಎರಳೆಕಾಯಿ, ದೊಡ್ಲಿಕಾಯಿ ಎಂಬ ಹೆಸರುಗಳೂ ಇವೆ. ಗಾಂಧಿಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಒಂದು ಹೆಸರಿಗೆ 'ಇಲ್ಲ' ಅಂದರೆ ಇನ್ನೊಂದು ಹೆಸರು ಹೇಳಿ ಕೇಳಿ. ಗಜನಿಂಬೆ ಇದಲ್ಲ. ಅದು ನಿಂಬೆಯದೇ ದೊಡ್ಡ, ಉದ್ದನೆಯ ರೂಪ, ರುಚಿಯೂ ನಿಂಬೆಯದೇ. ಹೇರಳೆ ಗುಂಡಗಿರುತ್ತದೆ, ಸಿಪ್ಪೆ ಗಂಟುಗಂಟು, ಹುಳಿಯ ಹಿಂದೆ ಸಣ್ಣ ಕಹಿ. ಆ ಕಹಿಗಾಗಿಯೇ ಇದರ ಚಿತ್ರಾನ್ನವನ್ನು ಇಷ್ಟಪಡುತ್ತೇವೆ, ಆದರೆ ಅದು ಹಿಂದೆಯೇ ಇರಬೇಕು, ಮುಂದೆ ಬರಬಾರದು. ಕಹಿ ಮುಂದೆ ಬರುವುದು ಎರಡು ತಪ್ಪಿನಿಂದ. ಒಂದು, ಸಿಪ್ಪೆ ಮತ್ತು ಅದರೊಳಗಿನ ಬಿಳಿ ಭಾಗದ ಕಹಿ ರಸಕ್ಕಿಳಿಯುವಷ್ಟು ಬಿಗಿಯಾಗಿ ಹಿಂಡುವುದು. ಇನ್ನೊಂದು, ಒಲೆ ಉರಿಯುತ್ತಿರುವಾಗಲೇ ಒಗ್ಗರಣೆಗೆ ರಸ ಸುರಿಯುವುದು. ಅಡ್ಡಡ್ಡ ಕೊಯ್ದು, ಬೀಜ ತೆಗೆದು, ಮೆತ್ತಗೆ ಹಿಂಡಿ; 250 ಗ್ರಾಂ ಅಕ್ಕಿಯ ಅನ್ನಕ್ಕೆ ಮೂರು ದೊಡ್ಡ ಚಮಚ ರಸ ಸಾಕು. ಒಗ್ಗರಣೆ ಕೆಳಗಿಳಿಸಿ, ಅನ್ನ ಕಲಸಿ, ಕೊನೆಗೆ ರಸ ಹಾಕಿ.

ಮಾದಲಕಾಯಿಯನ್ನು ಹೇರಳೆ ಎಂದು ತಂದವರು ಕೊಯ್ದ ಮೇಲೆ ಪೆಚ್ಚಾಗುತ್ತಾರೆ. ಮಾದಲದಲ್ಲಿ ಕಾಯಿಯ ಬಹುಪಾಲು ಬಿಳಿ ದಿಂಡೇ, ರಸ ತೀರ ಕಡಿಮೆ. ಉಪ್ಪಿನಕಾಯಿಗೆ ಆ ದಪ್ಪ ಸಿಪ್ಪೆಯೇ ಬೇಕು, ಚಿತ್ರಾನ್ನಕ್ಕೆ ಅದು ಆಗದು. ಮೂಸಂಬಿಗೆ ಇಂಗ್ಲಿಷಿನವರು ಸಿಹಿನಿಂಬೆ ಎಂದು ಹೆಸರಿಟ್ಟರೂ ನಮ್ಮಲ್ಲಿ ಮಾರುವುದು ಕಿತ್ತಳೆಯ ಜಾತಿಯದು. ಅದರ ರಸ ಹಿಂಡಿಟ್ಟರೆ ಹೊತ್ತು ಕಳೆದಂತೆ ತಾನೇ ಕಹಿಯಾಗುತ್ತದೆ, ಹಿಂಡಿದ ತಕ್ಷಣ ಕುಡಿಯಬೇಕು. ಚಕ್ಕೋತ ಹಣ್ಣಿಗೂ ಸೊಪ್ಪಿನವರು ಕಟ್ಟು ಕಟ್ಟಿ ಮಾರುವ ಚಕ್ಕೋತ ಸೊಪ್ಪಿಗೂ ಯಾವ ನಂಟೂ ಇಲ್ಲ. ಹಣ್ಣಿನಲ್ಲಿ ದೇವನಹಳ್ಳಿಯದು ಭೌಗೋಳಿಕ ಸೂಚಿಕೆ ಪಡೆದ ತಳಿ. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಊರಿನ ಸುತ್ತ ತೋಟಗಳು ಸೈಟುಗಳಾದವು. ಉಳಿದ ಮರಗಳನ್ನು ಉಳಿಸಿಕೊಳ್ಳುವುದು ಬೆಂಗಳೂರಿಗರಾದ ನಮ್ಮ ಹೊಣೆ ಕೂಡ, ಕೇಳಿ ಕೊಂಡರೆ ಮಾತ್ರ ಬೆಳೆಗಾರರು ಅದನ್ನು ಉಳಿಸಿಯಾರು. ಗಾತ್ರಕ್ಕಿಂತ ಭಾರ ಹೆಚ್ಚೆನಿಸುವ ಹಣ್ಣನ್ನು ಆರಿಸಿ. ತೊಳೆಯ ಮೇಲಿನ ತೆಳು ಪೊರೆಯನ್ನು ಬಿಡದೆ ಸುಲಿಯಿರಿ, ಕಹಿ ಇರುವುದು ಅದರಲ್ಲೇ.

ಬಾಳೆಯಲ್ಲಿ ಏಲಕ್ಕಿ, ಪುಟ್ಟಬಾಳೆ ಎರಡೂ ಒಂದೇ ಹಣ್ಣಿನ ಹೆಸರುಗಳು, ಬೇರೆ ಬೇರೆ ಬೆಲೆ ಕೊಡಬೇಡಿ. ಪಚ್ಚಬಾಳೆಯ ಹೆಸರಿನಲ್ಲಿ ಹಸಿರು ಇರುವುದಕ್ಕೆ ಕಾರಣವಿದೆ. ಈ ತಳಿ ನಮ್ಮ ಬಿಸಿಲಿನಲ್ಲಿ, ಸುಮಾರು 24 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಹಣ್ಣಾದರೆ ತಿರುಳು ಮೆತ್ತಗಾದರೂ ಸಿಪ್ಪೆ ಪೂರ್ತಿ ಹಳದಿಯಾಗುವುದಿಲ್ಲ. ತಂಪು ಕೋಣೆಯಲ್ಲಿ ಎಥಿಲೀನ್ ಅನಿಲ ಕೊಟ್ಟು ಮಾಗಿಸಿದರೆ ಅದೇ ಹಣ್ಣು ಒಂದೇ ಸಮ ಹಳದಿಯಾಗುತ್ತದೆ. ಎಥಿಲೀನ್‌ಗೆ ಕಾನೂನಿನ ಒಪ್ಪಿಗೆ ಇದೆ, ಕಾರ್ಬೈಡಿಗೆ ಇಲ್ಲ. ಹಾಗಾಗಿ ಹಸಿರು ಸಿಪ್ಪೆಯ ಪಚ್ಚಬಾಳೆಯನ್ನು ಕಾಯಿ ಎಂದು ತಳ್ಳಬೇಡಿ, ತೊಟ್ಟಿನ ಬಳಿ ಮೆಲ್ಲಗೆ ಒತ್ತಿ ನೋಡಿ. ರಸಬಾಳೆ ಎಂದು ಮಾರುವುದೆಲ್ಲ ನಂಜನಗೂಡಿನದಲ್ಲ. ಪನಾಮಾ ಸೊರಗು ರೋಗ ಅಲ್ಲಿನ ತೋಟಗಳನ್ನು ಬಹುವಾಗಿ ಹಾಳು ಮಾಡಿದೆ, ಬರುವ ಹಣ್ಣೇ ಕಡಿಮೆ. ಪಲ್ಯಕ್ಕೆ ಹಣ್ಣಿನ ತಳಿಯ ಕಾಯಿ ಬೇಡ, ಬೂದುಬಾಳೆ ಅಂತಲೇ ಕೇಳಿ.

ಮಾವಿನ ಹೆಸರುಗಳು ಎಲ್ಲರಿಗೂ ಗೊತ್ತಿರುವವೇ, ಎರಡು ಮಾತು ಸಾಕು. ಬಾದಾಮಿ, ಆಪೂಸ್ ಎರಡೂ ಒಂದೇ ತಳಿ, ಬೆಳೆದ ನೆಲ ಬೇರೆ. ಮಲ್ಲಿಕಾ ನೀಲಂ ಮತ್ತು ದಶೇರಿಯ ಅಡ್ಡತಳಿ. ಸಿಪ್ಪೆ ಹಳದಿಯಾದ ಮೇಲೂ ಒಳಗೆ ಹುಳಿ ಉಳಿದಿರುತ್ತದೆ, ಸಿಪ್ಪೆ ಸ್ವಲ್ಪ ಸುಕ್ಕಾಗುವವರೆಗೆ ಕಾಯಬೇಕು.

ಕಪ್ಪು ದ್ರಾಕ್ಷಿ ಎಂದು ಕೇಳಿದರೆ ಬೀಜವಿಲ್ಲದ ಶರದ್ ಬರಬಹುದು, ಬೀಜವಿರುವ ನಮ್ಮ ಬೆಂಗಳೂರು ನೀಲಿಯೂ ಬರಬಹುದು. ರಸಕ್ಕೆ ನೀಲಿಯೇ ಸರಿ. ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುವುದೇ ಅದರ ಗುರುತು. ಒಂದು ಕಿಲೋಗೆ ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ, ಕಿವುಚಿ ಸೋಸಿ. ಬಣ್ಣವೆಲ್ಲ ಸಿಪ್ಪೆಯಲ್ಲಿರುವುದರಿಂದ ಬೇಯಿಸದೆ ಹಿಂಡಿದರೆ ರಸ ಪೇಲವ.

ಇನ್ನು ಗಿಡ ಕೊಳ್ಳುವವರಿಗೆ. ಸೊಪ್ಪಿನ ಅಂಗಡಿಯಲ್ಲಿ ಬ್ರಾಹ್ಮಿ ಎಂದು ಸಿಗುವುದು ಹೆಚ್ಚಾಗಿ ಒಂದೆಲಗ: ಒಂದು ದೇಟಿಗೆ ಒಂದೇ ದುಂಡನೆಯ ಎಲೆ, ಅಂಚು ಕಚ್ಚುಕಚ್ಚು. ತಂಬುಳಿಗೆ ಇದೇ ಬೇಕು. ನೀರುಬ್ರಾಹ್ಮಿಯ ಎಲೆ ಪುಟ್ಟದು, ದಪ್ಪ, ಕಾಂಡದ ಎರಡೂ ಬದಿಗೆ ಜೋಡಿಜೋಡಿ, ಬಾಯಿಗಿಟ್ಟರೆ ಕಡುಕಹಿ. ಕಿರುನೆಲ್ಲಿಯೂ ಹೀಗೆಯೇ, ಗೆರೆಗೆರೆಯ ಹಳದಿ ಹುಳಿಕಾಯಿ ಬಿಡುವ ಮರಕ್ಕೂ ಆ ಹೆಸರು, ಅಂಗಳದ ಕಳೆಯಂತೆ ಬೆಳೆಯುವ ನೆಲನೆಲ್ಲಿಗೂ ಆ ಹೆಸರು. ನರ್ಸರಿಯಲ್ಲಿ ಸಸ್ಯಶಾಸ್ತ್ರದ ಹೆಸರನ್ನೇ ಹೇಳಿ: ಒಂದೆಲಗಕ್ಕೆ ಸೆಂಟೆಲ್ಲ, ನೀರುಬ್ರಾಹ್ಮಿಗೆ ಬಕೋಪ. ಸೆಂಟೆಲ್ಲಕ್ಕೆ ಅರ್ಧ ನೆರಳು, ನೀರು ಬಸಿಯುವ ಅಗಲ ಕುಂಡ ಸಾಕು. ಬಕೋಪಕ್ಕೆ ತಳದಲ್ಲಿ ತೂತಿಲ್ಲದ ತೊಟ್ಟಿ ಕೊಟ್ಟು, ಮಣ್ಣು ಸದಾ ಕೆಸರಾಗಿರುವಂತೆ ನೋಡಿಕೊಳ್ಳಿ.